ಮೀನೆಣ್ಣೆಯ ಸೀಸೆ

ಗುತ್ತಲು, ಮಂಡ್ಯ
14 ನವೆಂಬರ್ 2024, ಗುರುವಾರ

ಪ್ರೀತಿಯ ಇಂದ್ರಿ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ. ನೀನು ಹೇಗಿದ್ದೀಯೆ ಎಂದು ಕೇಳಿದರೆ ನಿಜ ಹೇಳುವವಳೂ ಅಲ್ಲ. ಆದ್ದರಿಂದ ಅವೆರಡನ್ನೂ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನೇರವಾಗಿ ಎಂದು ಬಾಯಿಮಾತಿಗೆ ಹೇಳಿದ್ದು. ನನ್ನ ಸ್ವಭಾವ ನಿನಗೆ ಗೊತ್ತು, ದಾರಿಯಲ್ಲಿ ನಾಲ್ಕು ಕಡೆ ನಿಂತು ಮಾತಾಡಿಕೊಂಡೇ ಬರುವವಳು.

ಫೋನು ಮಾಡಿದರೆ ನೀನು ತೆಗೆಯುವುದಿಲ್ಲ. ತೆಗೆದರೂ ಕೆಲಸ ಐತೆ ಎಂದು ಇಟ್ಟುಬಿಡುತ್ತೀಯೆ. ಮನೆಗೇ ಬರೋಣವೆಂದರೆ, ಯಾರಾದರೂ ಬಂದ ಸದ್ದಾದರೆ ಒಳಕೋಣೆ ಸೇರಿಕೊಳ್ಳುತ್ತೀಯಂತೆ. ಕಾಗದವಾದರೆ ಹಾಗೆ ತಪ್ಪಿಸಿಕೊಳ್ಳಲಾಗದು, ಓದುವ ಸೊಸೆಯ ಮುಂದೆ ಮರ್ಯಾದೆಗಾದರೂ ಕೂತಿರಬೇಕು. ಕವಿತ, ನೀನು ಕೇಳು ಮಗಳೇ. ಇದರಲ್ಲಿ ಒಂದಕ್ಷರವನ್ನೂ ಹಾರಿಸಬೇಡ. ನಿಮ್ಮತ್ತೆ ಸಾಕು ಅಂದರೂ ನಿಲ್ಲಿಸಬೇಡ. ಮಧ್ಯದಲ್ಲಿ ನಿನಗೆ ಸೇರಿದ ಮಾತೂ ಒಂದಿದೆ. ಮಗು ಅತ್ತರೆ ಮಾತ್ರ ಎದ್ದು ಹೋಗು.

ಇಂದ್ರಿ, ಮೊದಲು ನಾಮಕರಣದ ದಿನದ ಮಾತು ಮುಗಿಸಿಬಿಡೋಣ. ಮೇ ತಿಂಗಳಲ್ಲಿ ನಿನ್ನ ಮೊಮ್ಮಗಳಿಗೆ ಹೆಸರಿಟ್ಟ ದಿನ ನಾನು ಬೆಳಗಿನ ಬಸ್ಸಿಗೇ ಕೆರಗೋಡಿಗೆ ಬಂದಿದ್ದೆ. ನಮ್ಮ ಯಜಮಾನರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಶುಭಕಾರ್ಯದಲ್ಲಿ ಗಂಡ ಹೋದವಳು ಎಲ್ಲಿರಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅಡಿಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಾ ಇದ್ದೆ. ಅರಿಶಿನ ಕುಂಕುಮದ ಹೊತ್ತಿಗೆ ಕವಿತಳ ತಾಯಿ ಬಂದು, ಸ್ವಲ್ಪ ಹಿಡ್ಕೊಂಡಿರಿ ಎಂದು ನನ್ನನ್ನು ನಡುಮನೆಯಲ್ಲಿ ಕೂರಿಸಿ ಮಗುವನ್ನು ಮಡಿಲಿಗೆ ಹಾಕಿ ಹೋದರು. ಮಗು ನಿದ್ದೆಹೋಗಿತ್ತು, ಏಳುವಂತಿರಲಿಲ್ಲ. ಹೀಗೆ ಜಮಖಾನದ ಮೇಲೆ ಮುತ್ತೈದೆಯರ ಸಾಲಿನ ಕೊನೆಯಲ್ಲಿ ನಾನೂ ಒಬ್ಬಳಾಗಿಬಿಟ್ಟೆ.

ನೀನು ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕುಂಕುಮ ಇಡುತ್ತಾ ಬಂದೆ. ನನ್ನ ಹತ್ತಿರ ಬಂದಾಗ ಮಗುವಿನ ಹಣೆಗೆ ಇಟ್ಟು ಹೋಗುತ್ತೀಯೆ ಎಂದುಕೊಂಡೆ. ನೀನು ಬಗ್ಗಿದೆ. ನಿನ್ನ ಕಿರುಬೆರಳು ನನ್ನ ಹುಬ್ಬನ್ನು ಹುಡುಕಿತು, ಹುಬ್ಬು ಸಿಕ್ಕಿದ ಮೇಲೆ ಉಂಗುರದ ಬೆರಳು ಹಣೆಗೆ ಒತ್ತಿತು. ನೂರ್ಕಾಲ ಮುತ್ತೈದೆಯಾಗಿ ಬಾಳವ್ವ ಅಂದೆ. ಮಡಿಲಲ್ಲಿ ಮಗು ಇದ್ದುದರಿಂದ ನನ್ನನ್ನು ಕವಿತಳ ಅಕ್ಕ ಎಂದುಕೊಂಡಿದ್ದೆ ನೀನು. ನಾನು ಕಣೇ ಎನ್ನಲೂ ನನಗಾಗಲಿಲ್ಲ.

ನಿನ್ನ ನಾದಿನಿ ಸುಮ್ಮನಿರುತ್ತಾಳೆಯೇ? ‘ಏನವ್ವಾ ಇಂದ್ರ, ಗಂಡ ಸತ್ತೋಳ್ಗೆ ಕುಂಕ್ಮ ಇಕ್ತಾ ಇದ್ದೀಯಲ್ಲ, ಕಣ್ ಕಾಣಕಿಲ್ವಾ ನಿಂಗೆ’ ಎಂದಳು. ನೀನು ‘ಕಾಣ್ದೇ ಏನು, ಕಾಣ್ತದೆ. ಮರ್ತೆ ಕಣಕ್ಕ’ ಎಂದು ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ಬಾಲ್ಯದ ಗೆಳತಿಯ ಗಂಡ ಸತ್ತದ್ದನ್ನು ಯಾರಾದರೂ ಮರೆಯುತ್ತಾರೆಯೇ ಎಂದು ಒಬ್ಬರು, ಬೇಕೆಂದೇ ಅಣಕಿಸಿದ್ದು ಎಂದು ಇನ್ನೊಬ್ಬರು. ಅಷ್ಟನ್ನೂ ನೀನು ಕೇಳಿಸಿಕೊಂಡೆ. ಕಣ್ಣು ಕಾಣುವುದಿಲ್ಲ ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಎನ್ನಿಸಿಕೊಳ್ಳುವುದೇ ಮೇಲು ಎಂದು ನಿನಗನ್ನಿಸಿತು.

ನಾನು ಊಟ ಮಾಡದೆ ಎದ್ದು ಬಂದೆ. ಅದನ್ನು ನೀನು ಕೋಪ ಎಂದು ತಿಳಿದೆ, ಆವತ್ತಿನಿಂದ ನನಗೆ ಮುಖ ಕೊಡುತ್ತಿಲ್ಲ. ನನಗೆ ಒಂದು ಚೂರೂ ಕೋಪ ಬಂದಿರಲಿಲ್ಲ ಇಂದ್ರಿ. ಅಲ್ಲೇ ಇದ್ದಿದ್ದರೆ ಅಳು ಬಂದು, ಎಲ್ಲರ ಮುಂದೆ ಇವಳಿಗೆ ಕಣ್ಣು ಕಾಣುತ್ತಿಲ್ಲ ಎಂದು ಹೇಳಿಬಿಡುತ್ತಿದ್ದೆ. ನೀನು ಮುಚ್ಚಿಟ್ಟದ್ದನ್ನು ನಿನ್ನ ನಾದಿನಿಯ ಮುಂದೆ ಬಿಚ್ಚುವ ಹಕ್ಕು ನನಗಿರಲಿಲ್ಲ, ಅದಕ್ಕೇ ಬಂದೆ. ಆ ಬೆರಳು ಹುಬ್ಬು ಹುಡುಕಿದ ರೀತಿ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಹಾಗೆ ಹುಡುಕುತ್ತಿದ್ದವಳು ನಾನೇ.

ಬ್ಲಫ್‌ನ ದಿನಗಳು ನಿನಗೂ ನೆನಪಾಗುತ್ತಿರಬೇಕು, ಈಗ ಸುಮ್ಮನೆ ಕೂತಿರುವಾಗ. ಆ ಕರೆಂಟು ಊರಿನ ಕ್ವಾರ್ಟರ್ಸಿನಲ್ಲಿ ನಿಮ್ಮದು ಮೇಲಿನ ಸಾಲು, ನಮ್ಮದು ಕೆಳಗಿನ ಸಾಲು. ನಿಮ್ಮಪ್ಪ ಸ್ವಿಚ್ ಬೋರ್ಡಿನ ಮುಂದೆ ಕೂರುವವರು, ನಮ್ಮಪ್ಪ ಯಂತ್ರಗಳಿಗೆ ಎಣ್ಣೆ ಬಿಡುವವರು. ಇಬ್ಬರೂ ಒಂದೇ ಟ್ರಾಲಿಯಲ್ಲಿ ಇಳಿಜಾರಿನಲ್ಲಿ ಕೆಳಗಿನ ಪವರ್ ಹೌಸಿಗೆ ಇಳಿಯುತ್ತಿದ್ದರು, ಅದು ಬೆಂಕಿಪೊಟ್ಟಣದಷ್ಟಾಗುವ ತನಕ ನಾವು ಮೇಲೆ ನಿಂತು ಕೈ ಬೀಸುತ್ತಿದ್ದೆವು. ದಪ್ಪ ಕೊಳವೆಗೆ ಕಿವಿ ಕೊಟ್ಟರೆ ಒಳಗೆ ಕಾವೇರಿ ಓಡುವ ಸದ್ದು ಹಲ್ಲಿನ ತನಕ ಅದುರುತ್ತಿತ್ತು. ದೂರದ ಊರುಗಳಿಗೆಲ್ಲ ಬೆಳಕು ಕಳಿಸುವ ಊರು ಅದು. ಅಂಥ ಊರಿನಲ್ಲಿ ಸಂಜೆ ದೀಪ ಹತ್ತುವ ಹೊತ್ತಿಗೆ ಸರಿಯಾಗಿ ನನ್ನ ಕಣ್ಣು ಆರಿಹೋಗುತ್ತಿತ್ತು.

ಇರುಳುಗುರುಡು ಎಂಬ ಹೆಸರೂ ಆಗ ನಮಗೆ ಗೊತ್ತಿರಲಿಲ್ಲ. ಐದನೇ ಕ್ಲಾಸು. ಆಟ ಮುಗಿಸಿ ಮನೆಗೆ ಹೋಗುವಾಗ ನಾನು ಕಾಲುವೆಯ ಪಕ್ಕ ನಿಂತುಬಿಟ್ಟೆ. ನಾನು ಆಟ ಆಡಿಸುತ್ತಿದ್ದೇನೆ ಎಂದು ನೀನು ಬೈದೆ. ಆಮೇಲೆ ನಾನು ಕೈ ಚಾಚಿ ನಿನ್ನ ಮುಖವನ್ನು ತಡವಿದಾಗ, ನನ್ನ ಬೆರಳು ನಿನ್ನ ಹುಬ್ಬಿನ ಮೇಲೆ ಹರಿದಾಗ ನಿನಗೆ ಅರ್ಥವಾಯಿತು. ‘ಯಾರ್ಗೂ ಏಳ್ಬ್ಯಾಡ ಕಣೇ, ಸ್ಕೂಲ್ ಬುಡಿಸ್ಬುಡ್ತಾರೆ’ ಅಂದೆ ನಾನು. ಆವತ್ತಿನಿಂದ ದಿನಾ ಸಂಜೆ ನೀನು ನಮ್ಮ ಮನೆಯ ಬಾಗಿಲ ತನಕ ಬಂದು, ಆಮೇಲೆ ಒಬ್ಬಳೇ ಮೇಲಿನ ಸಾಲಿಗೆ ಹತ್ತಿಹೋಗುತ್ತಿದ್ದೆ. ನನ್ನ ಕೈ ಹಿಡಿದು ಎಳೆಯುತ್ತಿರಲಿಲ್ಲ, ನಿನ್ನ ಮೊಣಕೈಯನ್ನು ನನಗೆ ಕೊಡುತ್ತಿದ್ದೆ. ಮೆಟ್ಟಿಲು ಬಂದರೆ ಮೊಣಕೈಯನ್ನು ಪಕ್ಕೆಗೆ ಒಮ್ಮೆ ಒತ್ತುತ್ತಿದ್ದೆ, ಕಲ್ಲೋ ಗುಂಡಿಯೋ ಬಂದರೆ ಎರಡು ಸಲ. ಮನೆ ಬಂದರೆ ಒತ್ತಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಅದನ್ನೆಲ್ಲ ನಿನಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಮೀನೆಣ್ಣೆಯ ಕಥೆ. ಕವಿತ, ಇದನ್ನು ನಿಮ್ಮತ್ತೆ ನಿಮಗ್ಯಾರಿಗೂ ಹೇಳಿರಲಾರಳು, ಗಮನವಿಟ್ಟು ಓದು. ಸಂಜೆ ಕಣ್ಣು ಕಾಣದವರಿಗೆ ಡಿಸ್ಪೆನ್ಸರಿಯಲ್ಲಿ ಮೀನೆಣ್ಣೆ ಕೊಡುತ್ತಾರೆ ಎಂದು ಎಲ್ಲೋ ಕೇಳಿಕೊಂಡು ಬಂದಳು. ನನಗೆ ಅಲ್ಲಿಗೆ ಹೋಗಲು ಭಯ, ಸುದ್ದಿ ಅಪ್ಪನಿಗೆ ಮುಟ್ಟುತ್ತದೆ ಎಂದು. ಒಂದು ಸಂಜೆ ಇವಳೇ ಹೋಗಿ ಕಾಂಪೌಂಡರ್ ಕರಿಯಯ್ಯನವರ ಮುಂದೆ ನಿಂತು, ‘ಸಂಜೆಯಾದ್ರೆ ನಂಗೇನೂ ಕಾಣಕಿಲ್ಲ ಕಣಣ್ಣ’ ಅಂದಳು. ಅವರು ಅನುಮಾನದಿಂದ ನೋಡಿದರಂತೆ. ಅದಕ್ಕೆ ಇವಳು ಹೊರಗೆ ಬರುವಾಗ ಬೇಕೆಂದೇ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಳು. ನೆಲ್ಲಿಕಾಯಿಯಷ್ಟು ಊದಿತ್ತು. ಸೀಸೆ ಮಾತ್ರ ಕೈಯಲ್ಲಿತ್ತು. ನನ್ನ ಮೂಗು ಹಿಡಿದು ದಿನಾ ಕುಡಿಸಿ, ಮೇಲೊಂದು ಬೆಲ್ಲದ ಚೂರು ಬಾಯಿಗಿಡುತ್ತಿದ್ದಳು. ಜೊತೆಗೆ ಅವರಮ್ಮನನ್ನು ಕಾಡಿ ಬೇಡಿ ನುಗ್ಗೆಸೊಪ್ಪಿನ ಸಾರು ಮಾಡಿಸುವಳು. ಮಳವಳ್ಳಿಯ ಹೈಸ್ಕೂಲಿಗೆ ಇಬ್ಬರೂ ಬಸ್ಸಿನಲ್ಲಿ ಹೋಗುವ ಹೊತ್ತಿಗೆ ಸಂಜೆಯ ಬಸ್ಸಿನ ಬೋರ್ಡನ್ನು ನಾನೇ ಓದುತ್ತಿದ್ದೆ. ಈ ಕಣ್ಣಿನಿಂದಲೇ ಇಷ್ಟು ವರ್ಷ ಸೂಜಿಗೆ ದಾರ ಪೋಣಿಸಿ, ರವಿಕೆ ಹೊಲಿದು ಸಂಸಾರ ತೂಗಿಸಿದೆ.

ಈಗ ಕವಿತಳಿಗೆ ಸೇರಿದ ಮಾತು. ನಾಮಕರಣವಾಗಿ ಸ್ವಲ್ಪ ದಿನಕ್ಕೆ, ಇಂದ್ರಿ, ನಿನ್ನ ಯಜಮಾನರು ಸಿದ್ದರಾಜಣ್ಣ ಒಂದು ಚೀಲ ಬೆಲ್ಲ ಹೊತ್ತುಕೊಂಡು ನಮ್ಮ ಮನೆಗೆ ಬಂದಿದ್ದರು. ನಿನ್ನ ಪರವಾಗಿ ಕ್ಷಮೆ ಕೇಳಲು. ಪಾಪ, ಹೇಗೆ ಶುರುಮಾಡಬೇಕೆಂದು ಗೊತ್ತಾಗದೆ ಬೆಲ್ಲದ ವಿಷಯವನ್ನೇ ಮಾತಾಡುತ್ತಿದ್ದರು. ನಾನೇ ಹೇಳಿದೆ, ಅವಳಿಗೆ ಕಣ್ಣು ಹೋಗುತ್ತಿದೆ ಅಣ್ಣ, ಮೊದಲು ಡಾಕ್ಟರಿಗೆ ತೋರಿಸಿ ಎಂದು. ಅವರು ಒಪ್ಪಲೇ ಇಲ್ಲ. ‘ಇಲ್ಲ ಕಣಮ್ಮ, ಇವತ್ ಬೆಳಗ್ಗೆ ನನ್ ಅಂಗಿ ಗುಂಡಿ ಕಿತ್ತೋಗದೆ ಅಂತ ಅವ್ಳೇ ಏಳುದ್ಲು’ ಅಂದರು. ಬಟ್ಟೆ ಒಗೆಯುವಾಗ ಕೈಗೆ ಸಿಕ್ಕಿರುತ್ತದೆ ಎಂದೆ. ಅಕ್ಕಿ ಆರಿಸುವುದನ್ನು ಅವಳು ಯಾವಾಗ ಬಿಟ್ಟಳು, ಒಬ್ಬಳೇ ಬಸ್ಸು ಹತ್ತುವುದನ್ನು ಯಾವಾಗ ಬಿಟ್ಟಳು ಎಂದು ಕೇಳಿದೆ. ಅವರು ಯೋಚನೆ ಮಾಡುತ್ತಾ ಮಾಡುತ್ತಾ ಹಾಗೇ ಗೋಡೆಗೊರಗಿ ಕೂತರು.

ಹೀಗಾಗಿ ನಿನ್ನನ್ನು ಇದ್ದಕ್ಕಿದ್ದಂತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಲ್ಲ, ಅದಕ್ಕೆ ಕಾರಣ ನಾನು. ಚಾಡಿ ಹೇಳಿದವಳು ಕವಿತ ಎಂದುಕೊಂಡು ಅವಳ ಹತ್ತಿರ ಸರಿಯಾಗಿ ಮಾತೇ ಆಡುತ್ತಿಲ್ಲವಂತೆ ನೀನು. ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಬೈಯುವುದಿದ್ದರೆ ನನ್ನನ್ನು ಬೈಯಬೇಕು. ಕವಿತ, ಇಲ್ಲಿ ಸ್ವಲ್ಪ ನಿಲ್ಲಿಸು. ನಿಮ್ಮತ್ತೆ ಏನಾದರೂ ಹೇಳುವುದಿದ್ದರೆ ಹೇಳಲಿ. ಹೇಳದಿದ್ದರೆ ಪರವಾಗಿಲ್ಲ, ಮುಂದಕ್ಕೆ ಓದು, ಅವಳಿಗೆ ಇಂಥ ಮಾತು ಬಾಯಿಗೆ ಬರಲು ಹೊತ್ತು ಹಿಡಿಯುತ್ತದೆ.

ಡಾಕ್ಟರು ಹೇಳಿದ್ದನ್ನು ಸಿದ್ದರಾಜಣ್ಣ ಬಂದು ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸೊರಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದಿರುವ ಚೂರನ್ನು ಉಳಿಸಿಕೊಳ್ಳಬೇಕಾದರೆ ದಿನಾ ತಪ್ಪದೆ ಹನಿ ಹಾಕಬೇಕು. ಅಷ್ಟು ಹೇಳಿ ಮುಂದಿನವರನ್ನು ಕರೆದರಂತೆ. ಅವರ ಬಾಗಿಲ ಮುಂದೆ ಅಷ್ಟು ಜನ ಕಾಯುತ್ತಿದ್ದರು, ಅವರಾದರೂ ಏನು ಮಾಡುತ್ತಾರೆ? ‘ಇನ್ನೇನ್ ಮಾಡಾದಮ್ಮ, ಅವ್ಳು ಇಂಗೇ ಕುಂತಿರಾದಾ’ ಎಂದು ಸಿದ್ದರಾಜಣ್ಣ ನನ್ನನ್ನು ಕೇಳಿದರು. ಬರಿಗೈಯಲ್ಲಿ ನಿನ್ನ ಮುಂದೆ ಬಂದು ಅಯ್ಯೋ ಪಾಪ ಎನ್ನಲು ನನಗೆ ಮನಸ್ಸಾಗಲಿಲ್ಲ. ನೀನೂ ಅವತ್ತು ಸೀಸೆ ಹಿಡಿದುಕೊಂಡೇ ಬಂದಿದ್ದೆಯಲ್ಲ.

ಹೊಲಿಗೆಗೆ ಬರುವ ಹೆಂಗಸರನ್ನೆಲ್ಲ ವಿಚಾರಿಸಿದೆ. ಅಳತೆ ತೆಗೆಯುವಾಗ ಯಾರೂ ಓಡಿಹೋಗುವಂತಿಲ್ಲ, ನಾನು ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು. ಒಬ್ಬಳು ಅಂಗವಿಕಲರ ಕಚೇರಿಯೊಂದಿದೆ, ಅಲ್ಲಿಗೆ ಹೋಗಿ ಎಂದಳು. ಅಲ್ಲಿದ್ದವರು ಒಳ್ಳೆಯವರು. ಗುರುತಿನ ಚೀಟಿ, ಬಸ್ಸಿನ ಪಾಸು ಇವೆಲ್ಲ ಇವೆ, ಅವರನ್ನೇ ಕರೆದುಕೊಂಡು ಬನ್ನಿ ಎಂದು ವಿವರವಾಗಿ ಹೇಳಿದರು. ಅದೆಲ್ಲ ಸರಿ, ಒಲೆ ಹಚ್ಚುವುದನ್ನು, ಬೀದಿ ದಾಟುವುದನ್ನು ಯಾರು ಹೇಳಿಕೊಡುತ್ತಾರೆ ಎಂದು ಕೇಳಿದೆ. ‘ಅದು ನಮ್ಮಲ್ಲಿಲ್ಲ ಕಣಮ್ಮ’ ಎಂದರು. ಅಲ್ಲಿಂದ ಕುರುಡು ಮಕ್ಕಳ ಶಾಲೆಯೊಂದಕ್ಕೆ ಹೋದೆ. ಅಲ್ಲಿನ ಮೇಷ್ಟರು ನಗುತ್ತಾ, ಅಜ್ಜಿಯರನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲ ಎಂದರು. ಆದರೆ ಮದ್ದೂರಿನ ಜಯಪ್ರಕಾಶ್ ಎಂಬುವರ ಫೋನ್ ನಂಬರು ಕೊಟ್ಟರು.

ಈ ಜಯಪ್ರಕಾಶ್ ಬ್ಯಾಂಕಿನಲ್ಲಿ ಕೆಲಸದಲ್ಲಿರುವವರು. ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡು, ಒಂದು ವರ್ಷ ಮನೆಯಲ್ಲಿ ಮೂಲೆ ಹಿಡಿದು ಕೂತು, ಆಮೇಲೆ ಎಲ್ಲೆಲ್ಲೋ ಹೋಗಿ ಎಲ್ಲ ಕಲಿತು ಮತ್ತೆ ಕೆಲಸಕ್ಕೆ ಹೋದವರು. ನಿನ್ನ ಹಾಗೆ ದೊಡ್ಡವರಾದ ಮೇಲೆ ಕಣ್ಣು ಹೋದವರನ್ನೆಲ್ಲ ಭಾನುವಾರ ಭಾನುವಾರ ಸೇರಿಸುತ್ತಾರೆ. ಮದ್ದೂರಿನಲ್ಲಿ ಈಗ ಯಾರೂ ಬಾರದ ಒಂದು ಟೈಪಿಂಗ್ ಶಾಲೆಯಿದೆ, ಅದರ ಮಹಡಿಯ ಮೇಲೆ. ನಾನು ಫೋನು ಮಾಡಿ ನನ್ನ ಗೆಳತಿಗೆ ಹೀಗಾಗಿದೆ, ನಾನು ಬಂದು ಕಲಿತುಕೊಂಡು ಹೋಗಿ ಅವಳಿಗೆ ಹೇಳಿಕೊಡುತ್ತೇನೆ ಎಂದೆ. ಆಗುವುದಿಲ್ಲ, ಅವರೇ ಬರಬೇಕು ಎಂದರು. ‘ಮನೇವ್ರು ಬಂದು ಕಲ್ತ್ಕೊಂಡೋಗ್ತಾರೆ, ಆಮೇಲೆ ನಾವೇ ಎಲ್ಲಾ ಮಾಡ್ತೀವಿ ನೀವ್ ಸುಮ್ನೆ ಕೂತ್ಕೊಳಿ ಅಂತಾರೆ’ ಎಂದು ಫೋನಿಟ್ಟರು.

ನೀನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ಏನು ಮಾಡಿದೆ ಗೊತ್ತೆ? ಕರಿಯಯ್ಯನವರ ಹತ್ತಿರ ನೀನು ಏನು ಮಾಡಿದೆಯೋ ಅದನ್ನೇ. ಮುಂದಿನ ಭಾನುವಾರ ಮದ್ದೂರಿಗೆ ಹೋಗಿ, ಗೋಡೆ ಹಿಡಿದುಕೊಂಡು ಮಹಡಿ ಹತ್ತಿ, ನನಗೆ ಕಣ್ಣು ಹೋಗುತ್ತಿದೆ ಸ್ವಾಮಿ ಎಂದು ನಿಂತೆ. ಕೂತುಕೊಳ್ಳಿ ಎಂದರು.

ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತೆ, ಬೆಳಕು ಚುಚ್ಚುತ್ತದೆ ಎಂದು ನೆಪ ಹೇಳಿ. ಲೋಟದ ಅಂಚಿಗೆ ಬೆರಳು ಕೊಕ್ಕೆ ಮಾಡಿ ಇಟ್ಟುಕೊಂಡು ನೀರು ಬಗ್ಗಿಸುವುದನ್ನು ಕಲಿತೆ. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡು ಹಾಕುವುದು, ಗ್ಯಾಸ್ ಒಲೆಯ ತಿರುಗಣೆಗೆ ಗೋಂದಿನ ಒಂದು ಬೊಟ್ಟು ಇಟ್ಟು ಸಣ್ಣುರಿ ಎಲ್ಲಿ ಎಂದು ಗುರುತು ಮಾಡುವುದು, ಕನ್ನಡದಲ್ಲೇ ಮಾತಾಡುವ ಫೋನು, ಮಡಚಿ ಚೀಲದಲ್ಲಿಟ್ಟುಕೊಳ್ಳುವ ಬಿಳಿ ಕೋಲು. ಕೋಲು ಎಂದ ತಕ್ಷಣ ನೀನು ಮುಖ ತಿರುಗಿಸುತ್ತೀಯೆ, ನನಗೆ ಇಲ್ಲಿಂದಲೇ ಗೊತ್ತು. ನಾನೂ ಮೊದಲ ದಿನ ಅದನ್ನು ಮುಟ್ಟಲಿಲ್ಲ. ಮನೆಗೆ ಬಂದು ಬಟ್ಟೆ ಕಟ್ಟಿಕೊಂಡು ಓಡಾಡಿ ನೋಡಿದೆ. ಮದುವೆಯಾದಾಗಿನಿಂದ ಇರುವ ನನ್ನ ಹೊಲಿಗೆ ಯಂತ್ರ ನನ್ನ ಮೊಣಕಾಲಿಗೇ ಬಡಿಯಿತು. ನೋವಿಗಿಂತ ಅವಮಾನವಾಯಿತು. ಮುಂದಿನ ವಾರ ನಾನೇ ಕೋಲು ಕೇಳಿ ಹಿಡಿದುಕೊಂಡೆ.

ಕರೆದುಕೊಂಡು ಹೋಗುವ ಪಾಠ ಬಂದ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ. ಕಣ್ಣು ಕಾಣದವರನ್ನು ಕೈ ಹಿಡಿದು ಎಳೆಯಬಾರದು, ನಿಮ್ಮ ಮೊಣಕೈಯನ್ನು ಅವರಿಗೆ ಕೊಡಿ, ಅವರು ಅರ್ಧ ಹೆಜ್ಜೆ ಹಿಂದೆ ಬರಲಿ, ಮೆಟ್ಟಿಲು ಬಂದರೆ ಸೂಚನೆ ಕೊಡಿ ಎಂದು ಜಯಪ್ರಕಾಶ್ ಹೇಳುತ್ತಿದ್ದರು. ಐದನೇ ಕ್ಲಾಸಿನ ಇಂದ್ರಿಗೆ ಇದು ಗೊತ್ತಿತ್ತಲ್ಲ ಎಂದುಕೊಂಡು ಬಟ್ಟೆಯೊಳಗೇ ಅತ್ತೆ. ಬಟ್ಟೆ ಇದ್ದದ್ದು ಒಳ್ಳೆಯದಾಯಿತು.

ಅಲ್ಲಿ ಮಳವಳ್ಳಿ ಕಡೆಯ ನಾಗರಾಜು ಎಂಬುವರಿದ್ದಾರೆ. ಲಾರಿ ಓಡಿಸುತ್ತಿದ್ದವರು, ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಕೋಲು ಹಿಡಿದು ಬೀದಿಗಿಳಿದರೆ ಬಾಯಲ್ಲೇ ಹಾರನ್ ಹಾಕುತ್ತಾರೆ. ಯಾಕಣ್ಣ ಎಂದರೆ, ‘ಲಾರಿ ಓಯ್ತು ಅಂತ ಆರನ್ ಬುಡಕಾಯ್ತದಾ’ ಎನ್ನುತ್ತಾರೆ. ಅವರ ಜೊತೆ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನನಗೆ ಆ ಮಹಡಿಯಲ್ಲಿ ಇನ್ನೊಂದು ಸುಖವೂ ಇತ್ತು. ಅಲ್ಲಿ ಯಾರೂ ನನ್ನ ಮುಖ ನೋಡಿ ಪಿಸುಗುಟ್ಟುತ್ತಿರಲಿಲ್ಲ. ಗುತ್ತಲಿನ ನಮ್ಮ ಬೀದಿಯಲ್ಲಿ ಈಚೆಗೆ ಅದು ಸ್ವಲ್ಪ ಹೆಚ್ಚಾಗಿದೆ, ಯಾಕೆಂದು ಈಗ ಬೇಡ.

ನಾನು ಸಿಕ್ಕಿಬಿದ್ದದ್ದು ಈ ನಾಗರಾಜುವಿನ ಕೈಯಲ್ಲೇ. ಹೋದ ಭಾನುವಾರ ಎಲ್ಲರಿಗೂ ಕಾಫಿ ಬಂತು, ನಾನು ಬಟ್ಟೆ ಬಿಚ್ಚಿ ಲೋಟ ತೆಗೆದುಕೊಳ್ಳಲು ಎದ್ದು ಹೋದೆ. ನಾಗರಾಜು ನಕ್ಕರು. ‘ದಾರೀಲಿ ಕುರ್ಚಿ ಮಡಗಿದ್ದೆ, ಎಲ್ರೂ ಒಂದೊಂದ್ ಕಿತ ಎಡವಿ ಸದ್ ಮಾಡುದ್ರು. ನೀವೊಬ್ರೇ ಬಳ್ಸ್ಕಂಡೋದ್ರಿ ಕಣಮ್ಮ’ ಎಂದರು. ನಿನ್ನಷ್ಟು ಜಾಣೆಯಲ್ಲ ನಾನು, ಬಾಗಿಲಿಗೆ ಹಣೆ ಬಡಿಸಿಕೊಳ್ಳುವುದನ್ನು ಮರೆತಿದ್ದೆ. ಜಯಪ್ರಕಾಶ್ ಮೆಲ್ಲಗೆ, ಮೊದಲ ದಿನವೇ ಗೊತ್ತಿತ್ತು ಎಂದರು. ನಾನು ಬೇರೆ ಹೆಸರು ಹೇಳಿದ್ದೆ, ಬೇರೆ ಊರು ಹೇಳಿದ್ದೆ. ಫೋನಿನಲ್ಲಿ ಮಾತಾಡಿದ ಈ ಗಂಟಲನ್ನು ಬದಲಾಯಿಸಬೇಕು ಎಂದು ಮಾತ್ರ ಹೊಳೆದಿರಲಿಲ್ಲ. ಅವರಿಗೆ ಮುಖ ಅಂದರೆ ಧ್ವನಿಯೇ ತಾನೆ? ಇವರು ಇಷ್ಟು ದೂರ ಯಾಕೆ ಬರುತ್ತಾರೆ ನೋಡೋಣ ಎಂದು ಸುಮ್ಮನಿದ್ದರಂತೆ.

ಆಗ ನಾನು ಬ್ಲಫ್‌ನಿಂದ ಹಿಡಿದು ಕುಂಕುಮದ ತನಕ ಎಲ್ಲವನ್ನೂ ಹೇಳಿದೆ. ಕೊನೆಗೆ ಜಯಪ್ರಕಾಶ್ ಒಂದೇ ಕೇಳಿದರು. ‘ನಿಮ್ಗೆ ತಂದ್ಕೊಟ್ಟ ಮೀನೆಣ್ಣೇನ ಅವ್ರೇ ಕುಡಿದಿದ್ರೆ ನಿಮ್ಮ ಕಣ್ಣು ಬರ್ತಿತ್ತಾಮ್ಮ?’

ಅದಕ್ಕೇ ಈ ಕಾಗದ, ಇಂದ್ರಿ. ಸೀಸೆ ತಂದಿದ್ದೇನೆ. ಕುಡಿಯುವುದು ನಿನ್ನ ಪಾಲಿನದು.

ಇನ್ನೊಂದು ಮಾತು ಹೇಳಲೇಬೇಕು, ಕಹಿಯಾದರೂ. ಹನಿ ಹಾಕಿಸಿಕೊಳ್ಳುವುದನ್ನು ಬಿಟ್ಟಿದ್ದೀಯಂತೆ. ‘ಓಗಾದ್ ಓಗ್ಲಿ ಬುಡಿ’ ಎನ್ನುತ್ತೀಯಂತೆ. ಇನ್ನೂ ಉಳಿದಿರುವ ಬೆಳಕನ್ನು ನೀನೇ ಕೈಯಾರೆ ಆರಿಸುತ್ತಿದ್ದೀಯೆ, ಅದನ್ನು ನಾನು ಸಹಿಸಲಾರೆ. ಅದಕ್ಕಿಂತ ಹೆಚ್ಚಾಗಿ, ಮಗುವನ್ನು ಎತ್ತಿಕೊಳ್ಳುವುದಿಲ್ಲವಂತೆ. ಬೀಳಿಸಿಬಿಟ್ಟರೆ ಎಂಬ ಭಯ. ಅದಕ್ಕೆ ನೀರೆರೆಯಲು ಪಕ್ಕದ ಮನೆಯವರನ್ನು ಕರೆಸುತ್ತೀರಂತೆ. ನನ್ನ ಮಗಳು ಶೋಭಿತಾಳನ್ನು ಹುಟ್ಟಿದಾಗಿನಿಂದ ಎರೆದವಳು ನೀನು. ನಾನು ಬಾಣಂತನ ಮಾಡಿಸಿಕೊಂಡ ನಿಮ್ಮ ಕೆರಗೋಡಿನ ಮನೆಯ ಬಚ್ಚಲು, ಹಸಿ ಸೌದೆಯ ಒಲೆ, ಕಣ್ಣು ಬಿಡಲಾಗದಷ್ಟು ಹೊಗೆ. ನೀನು ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಎರೆಯುತ್ತಿದ್ದೆ. ಬಾಗಿಲಲ್ಲಿ ನಿಂತ ನನಗೆ ನಿನ್ನ ಬಳೆಯ ಸದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಂದು ದಿನವೂ ಮಗುವಿನ ಮೂಗಿಗೆ ನೀರು ಹೋಗಲಿಲ್ಲ. ಆ ಕೈ ಇನ್ನೂ ನಿನ್ನ ಹತ್ತಿರವೇ ಇದೆಯಲ್ಲ.

ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ, ಇಪ್ಪತ್ನಾಲ್ಕನೇ ತಾರೀಖು. ಕವಿತ ನಿನ್ನನ್ನು ಕೆರಗೋಡಿನಲ್ಲಿ ಬೆಳಗಿನ ಬಸ್ಸು ಹತ್ತಿಸಿದರೆ ಸಾಕು. ಸಿದ್ದರಾಜಣ್ಣನ ಬೈಕು ಬೇಡ, ಜೊತೆಗೂ ಯಾರೂ ಬೇಡ. ಕಂಡಕ್ಟರಿಗೆ ಮಂಡ್ಯ ಎಂದು ಹೇಳು, ನನಗೆ ಕಣ್ಣು ಕಾಣುವುದಿಲ್ಲ, ಇಳಿಸಿಕೊಡಪ್ಪ ಎಂದೂ ಹೇಳು. ಒಂದು ಸಲ ಬಾಯಿಬಿಟ್ಟು ಹೇಳಿ ನೋಡು, ಅರ್ಧ ಭಾರ ಬಸ್ಸಿನಲ್ಲೇ ಇಳಿದುಹೋಗುತ್ತದೆ. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಅಲ್ಲಿಂದ ಇಬ್ಬರೂ ಮದ್ದೂರಿಗೆ. ನೀನು ಬಾರದಿದ್ದರೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಿರುತ್ತೇನೆ, ಮನೆಗೆ ಹೋಗುವುದಿಲ್ಲ. ನನ್ನ ಹಟ ನಿನಗೆ ಹೊಸದಲ್ಲ.

ಅಡ್ಡಪಲ್ಲಕ್ಕಿ ತರುವುದಿಲ್ಲ, ಕೈ ಹಿಡಿದು ಎಳೆಯುವುದೂ ಇಲ್ಲ. ಮೊಣಕೈ ಕೊಡುತ್ತೇನೆ. ಮೆಟ್ಟಿಲಿಗೆ ಒಂದು, ಗುಂಡಿಗೆ ಎರಡು. ಟೈಪಿಂಗ್ ಶಾಲೆಯ ಬಾಗಿಲಿಗೆ ಬಂದಾಗ ಒತ್ತಿ ಹಿಡಿದು ನಿಲ್ಲುತ್ತೇನೆ.

ಮಗುವಿಗೆ ನನ್ನ ಮುತ್ತು, ಸಿದ್ದರಾಜಣ್ಣನಿಗೆ ನಮಸ್ಕಾರ. ಕವಿತ, ಇಷ್ಟು ಉದ್ದ ಓದಿದ್ದಕ್ಕೆ ನಿನಗೊಂದು ರವಿಕೆ ಹೊಲಿದುಕೊಡುತ್ತೇನೆ, ಬಟ್ಟೆ ಕಳಿಸು.

ನಿನ್ನ ಮೀನೆಣ್ಣೆ ಕುಡಿದು ಕಣ್ಣು ಬಂದವಳು,
ಬೆಳ್ಳಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದಿದ್ದೆ. ನಾಮಕರಣದ ದಿನ ನೀನಿಟ್ಟ ಕುಂಕುಮವನ್ನು ನಾನು ಒರೆಸಲಿಲ್ಲ. ಕೆರಗೋಡಿನಲ್ಲೂ ಒರೆಸಲಿಲ್ಲ, ಬಸ್ಸಿನಲ್ಲೂ ಒರೆಸಲಿಲ್ಲ. ಮನೆಗೆ ಬಂದು ಕನ್ನಡಿ ನೋಡಿದರೆ ಅದು ಹಣೆಯ ನಡುವೆ ಇರಲಿಲ್ಲ, ಎಡಹುಬ್ಬಿನ ಕಡೆಗೆ ಜರುಗಿತ್ತು. ಮೊದಲು ನಗು ಬಂತು, ಆಮೇಲೆ ಅಳು. ಮಾರನೆಯ ಬೆಳಿಗ್ಗೆ ಮುಖ ತೊಳೆದಾಗ ಅದು ಹೋಯಿತು. ಬೋಳು ಹಣೆ ನೋಡುತ್ತಾ ನಿಂತಿದ್ದವಳು ಡಬ್ಬಿ ತೆಗೆದು ಅದೇ ಜಾಗದಲ್ಲಿ ಇನ್ನೊಂದು ಇಟ್ಟುಕೊಂಡೆ. ಅವತ್ತಿನಿಂದ ದಿನಾ ಇಡುತ್ತಿದ್ದೇನೆ, ಎಡಕ್ಕೇ. ಬೀದಿಯವರು ಏನೇನೋ ಅನ್ನುತ್ತಾರೆ. ಶೋಭಿತಾ ಕೇಳಿದ್ದಕ್ಕೆ ಇಂದ್ರಿ ಇಟ್ಟದ್ದು ಎಂದೆ. ನಿನಗೆ ಕಾಣುವುದಿಲ್ಲವಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಭಾನುವಾರ ಬಸ್ಸಿಳಿದವಳು ಮೊಣಕೈ ಹಿಡಿಯುವ ಮುಂಚೆ ನನ್ನ ಹುಬ್ಬು ತಡವಿ ನೋಡು. ನೀನಿಟ್ಟ ಕಡೆಯೇ ಇರುತ್ತದೆ.